ಸಾಲು ಮತ್ತು ಸರಪಣಿ: ಕಡತವನ್ನು ಓದುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಈ ಸೀಮೆಯ ಒಕ್ಕಲು ಮನೆತನಗಳಲ್ಲಿ "ಖಾತೆ ಇನ್ನೂ ಆಗಿಲ್ಲ" ಎಂಬ ಮಾತನ್ನು ಕೇಳದವರು ವಿರಳ. ವಿದ್ಯಾರ್ಥಿಗಳು ಆ ಮಾತಿನ ಒಳಗನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ.

ಕೈಬರಹದ ಪಹಣಿಯನ್ನು ಗಣಕಕ್ಕೆ ತಂದ 'ಭೂಮಿ' ತಂತ್ರಾಂಶವು 2002ರ ವೇಳೆಗೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ಮುಟ್ಟಿತ್ತು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬುದು ಅದರ ಪ್ರಸಿದ್ಧ ನಿಯಮ. ಇದು ಸಾಲು. ಆದರೆ ಪ್ರತಿಯೊಂದು ಕಡತದ ಒಳಗೂ ಒಂದು ಸರಪಣಿಯಿದೆ. ಸಾಲಿನಲ್ಲಿ ನಾವು ಅನ್ಯರಿಗಾಗಿ ಕಾಯುತ್ತೇವೆ. ಸರಪಣಿಯಲ್ಲಿ ನಮ್ಮದೇ ಹಿಂದಿನ ಕೆಲಸಕ್ಕಾಗಿ ಕಾಯುತ್ತೇವೆ. ಇವೆರಡನ್ನೂ ಒಂದೇ ಎಂದು ಬಗೆದವನು ತಪ್ಪು ಮೇಜಿನ ಮುಂದೆ ದಿನಗಳೆಯುತ್ತಾನೆ.

ಪಾವಗಡದ ರೈತನೊಬ್ಬನು ಒಂದು ಸರ್ವೆ ನಂಬರಿನ 4 ಎಕರೆಯಲ್ಲಿ 2 ಎಕರೆಯನ್ನು ಕೊಳ್ಳುವನೆಂದು ಭಾವಿಸೋಣ. ಭಾಗಶಃ ಮಾರಾಟವಾದ್ದರಿಂದ ಮೊದಲು 11ಇ ನಕ್ಷೆ ಬೇಕು. ಭೂಮಾಪಕನು ಅಳೆಯದೆ ನಕ್ಷೆಯಿಲ್ಲ. ನಕ್ಷೆಯಿಲ್ಲದೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರವಿಲ್ಲ. ನೋಂದಣಿಯ ಮಾಹಿತಿ ಬಾರದೆ ಮ್ಯುಟೇಶನ್ ಹುಟ್ಟದು. ಆಮೇಲೆ ನೋಟೀಸು, ಆಕ್ಷೇಪಣೆಯ ಅವಧಿ, ಕಂದಾಯ ನಿರೀಕ್ಷಕರ ಅನುಮೋದನೆ, ಕೊನೆಗೆ ಪಹಣಿ. ಪಹಣಿಯನ್ನು ನೆಚ್ಚಿ ಬೆಳೆಸಾಲ ನಿಂತಿರುತ್ತದೆ. ಕಡಲೆಕಾಯಿಯ ಬಿತ್ತನೆಯಾದರೋ ಮಳೆಯನ್ನು ಕಾಯುತ್ತದೆಯೇ ಹೊರತು ಕಡತವನ್ನಲ್ಲ! ಹದ ಮೀರಿದ ಮೇಲೆ ಬಂದ ಸಾಲದಿಂದ ಆ ವರ್ಷ ಹೊಲಕ್ಕೆ ಏನು ಪ್ರಯೋಜನ?

ನಮ್ಮ ಕಡೆಯ ಕೆರೆಗಳ ಸರಣಿಯನ್ನು ಬಲ್ಲವರಿಗೆ ಇದು ಕಠಿಣವಲ್ಲ. ಮೇಲಿನ ಕೆರೆ ಕೋಡಿ ಬೀಳದೆ ಕೆಳಗಿನದಕ್ಕೆ ಅದರ ನೀರು ಹರಿಯದು. ಬರಿದಾದ ಕೆಳಗಿನ ಕೆರೆಯ ತೂಬನ್ನು ಎಷ್ಟು ಪರೀಕ್ಷಿಸಿದರೇನು?

ಪರದೆಯ ಮೇಲೆ 'ಬಾಕಿ' ಎಂಬ ಪದವೊಂದೇ ಕಂಡಾಗ ಅದರ ಅರ್ಥವನ್ನು ವಿಂಗಡಿಸಬೇಕು. ಸರದಿ ಬಂದಿಲ್ಲವೆಂದೇ, ಹಿಂದಿನ ಕೊಂಡಿ ಮುಗಿದಿಲ್ಲವೆಂದೇ, ಅಥವಾ ನೋಟೀಸಿನ ಅವಧಿ ಕಳೆಯಬೇಕೆಂದೇ? ಮೂರನೆಯದಕ್ಕೆ ಯಾರನ್ನು ಕಂಡೂ ಫಲವಿಲ್ಲ. ಆ ದಿನಗಳಲ್ಲಿ ಬ್ಯಾಂಕಿನ ಇತರ ಕಾಗದಗಳನ್ನು ಸಿದ್ಧಪಡಿಸಿಕೊಳ್ಳಬಹುದು, ಏಕೆಂದರೆ ಅವು ಈ ಸರಪಣಿಗೆ ಸೇರಿದವಲ್ಲ. ಆಕ್ಷೇಪಣೆ ಬಂದರೆ ಮಾತ್ರ ದಾರಿ ಕವಲೊಡೆಯುತ್ತದೆ. ಕಡತವು ತಕರಾರು ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಆ ಆದೇಶ ಒಪ್ಪಿಗೆಯಾಗದವರು 1964ರ ಭೂಕಂದಾಯ ಅಧಿನಿಯಮದಂತೆ ಮಧುಗಿರಿಯ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಬರಿಯ ಪಟ್ಟಿಗಿಂತ ಬಾಣಗಳ ಚಿತ್ರವೇ ಇಲ್ಲಿ ಲೇಸು. ಒಂದು ಹಾಳೆಯ ಬಲತುದಿಯಲ್ಲಿ 'ಪಹಣಿ' ಎಂದು ಬರೆದು, ಇದಕ್ಕೆ ಮುಂಚೆ ಏನು ಮುಗಿದಿರಬೇಕು ಎಂದು ಕೇಳುತ್ತಾ ಎಡಕ್ಕೆ ಸಾಗಿರಿ. ಮುಗಿಯದೆ ಉಳಿದ ಕೆಲಸಗಳಲ್ಲಿ ಅತ್ಯಂತ ಎಡಗಡೆಯದೇ ಈಗ ವಿಚಾರಿಸಬೇಕಾದ ಮೇಜು. ಅಭ್ಯಾಸಕ್ಕಾಗಿ ಪೌತಿ ಖಾತೆಯ ಚಿತ್ರವನ್ನೂ ಬರೆಯಿರಿ: ಅಲ್ಲಿ ಕ್ರಯಪತ್ರವೂ 11ಇ ನಕ್ಷೆಯೂ ಇಲ್ಲ; ಅವುಗಳ ಸ್ಥಾನದಲ್ಲಿ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷಗಳು ನಿಲ್ಲುತ್ತವೆ.