ಕಣಗಿನಹಾಳದ ಗೌಡರು ಮತ್ತು ಊರ ಜಾಮೀನು

ಊರಿಂದ ಬರುವ ಸುದ್ದಿಯಲ್ಲಿ ‘ಸೊಸಾಯಿಟಿ ಸಾಲ’ದ ಮಾತು ಒಮ್ಮೆಯಾದರೂ ಇದ್ದೇ ಇರುತ್ತದೆ. ಬೀಜಕ್ಕೆ, ಗೊಬ್ಬರಕ್ಕೆ ನಮ್ಮ ಹಿರಿಯರು ಮೆಟ್ಟಿಲು ಹತ್ತುವ ಈ ಸೊಸಾಯಿಟಿ ನಮ್ಮ ನಾಡಿಗೆ ಹೇಗೆ ಬಂದಿತೆಂಬುದನ್ನು ಈ ಸಲ ತಿಳಿಯೋಣ.

ಗದಗಿನ ಹತ್ತಿರ ಕಣಗಿನಹಾಳವೆಂಬ ಹಳ್ಳಿ. ಆಗ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1905ರಲ್ಲಿ ಆ ಊರ ಹಿರಿಯರಾದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಏಷ್ಯಾ ಖಂಡದಲ್ಲಿಯೇ ಇದು ಮೊದಲನೆಯದೆಂದು ಅಭಿಮಾನಿಗಳು ಹೇಳುವುದುಂಟು. ಆ ಹಿರಿಮೆ ತಮ್ಮದೆನ್ನುವವರು ಬೇರೆ ಕಡೆಯೂ ಇದ್ದಾರೆ. ಆ ತಕರಾರು ನಮಗೆ ಬೇಡ.

ಸಾವುಕಾರನ ಲೆಕ್ಕವನ್ನು ಮೊದಲು ನೋಡೋಣ. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. 50 ರೂಪಾಯಿ ಸಾಲಕ್ಕೆ ತಿಂಗಳಿಗೆ 3 ರೂಪಾಯಿ 2 ಆಣೆ, ವರ್ಷಕ್ಕೆ 37 ರೂಪಾಯಿ 8 ಆಣೆ. ಎಂದರೆ ನೂರಕ್ಕೆ 75. ಅದೇ ಸಾಲಕ್ಕೆ ರೂಪಾಯಿಗೆ ತಿಂಗಳಿಗೆ ಒಂದು ಪೈ ಬಡ್ಡಿಯಾದರೆ ವರ್ಷಕ್ಕೆಲ್ಲ 3 ರೂಪಾಯಿ 2 ಆಣೆ ಮಾತ್ರ. ಮಳೆ ಒಂದು ವರ್ಷ ಕೈಕೊಟ್ಟರೂ ಸಾಕು, ಮೊದಲನೆಯ ಬಗೆಯ ಸಾಲದಲ್ಲಿ ಎರೆಹೊಲ ಸಾವುಕಾರನ ಪಾಲಾಗುತ್ತಿತ್ತು.

1875ರಲ್ಲಿ ಪುಣೆ ಜಿಲ್ಲೆಯ ಸುಪೆ ಮೊದಲಾದ ಊರುಗಳಲ್ಲಿ ರೈತರು ಸಾಲಪತ್ರಗಳನ್ನು ಸುಟ್ಟುಹಾಕಿದ್ದರು. 1879ರಲ್ಲಿ ಸರಕಾರ ಅಲ್ಲಿಯ ರೈತರ ರಕ್ಷಣೆಗೆ ಕಾಯಿದೆ ಮಾಡಿತು. ಆದರೆ ಪತ್ರ ಸುಟ್ಟ ರೈತನಿಗೂ ಮುಂದಿನ ಬಿತ್ತನೆಗೆ ಬೀಜ ಬೇಕಷ್ಟೆ? ಹಣ ಕೊಡುವವರು ಯಾರು?

1904ರ ಸಹಕಾರಿ ಕಾಯಿದೆ ಇದಕ್ಕೆ ಒಂದು ದಾರಿ ತೋರಿಸಿತು. ಒಂದೇ ಊರಿನ ಹತ್ತು ಜನ ವಯಸ್ಕರು ಕೂಡಿದರೆ ಸಂಘವನ್ನು ನೋಂದಾಯಿಸಬಹುದು. ಗ್ರಾಮ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರೇ ಆಗಿರಬೇಕು. ಸಾಲ ಸದಸ್ಯರಿಗೆ ಮಾತ್ರ. ಲಾಭವನ್ನು ಹಂಚಿಕೊಳ್ಳದೆ ಆಪದ್ಧನಕ್ಕೆ ಸೇರಿಸಬೇಕು.

ಇವೆಲ್ಲ ಸುಲಭ. ಕಠಿಣವಾದ ಷರತ್ತು ಇನ್ನೊಂದಿತ್ತು: ಗ್ರಾಮ ಸಂಘದ ಸದಸ್ಯರಿಗೆ ಸಾಮಾನ್ಯವಾಗಿ ಮಿತಿಯಿಲ್ಲದ ಹೊಣೆ. ನೆರೆಯವನು ಸಾಲ ಮುಳುಗಿಸಿ ಸಂಘ ದಿವಾಳಿಯಾದರೆ ನಮ್ಮ ಹೊಲ-ಮನೆಗೂ ಕುತ್ತು. ಇಂಥ ಕಾಗದಕ್ಕೆ ಯಾರು ರುಜು ಹಾಕಿಯಾರು? ಇಲ್ಲಿ ಚಾಳಿನ ಪಕ್ಕದ ಖೋಲಿಯವನಿಗೆ ಜಾಮೀನು ನಿಲ್ಲಲು ನಾವೇ ಎಷ್ಟು ಹಿಂದೆಮುಂದೆ ನೋಡುತ್ತೇವೆ!

ಊರ ಹಿರಿಯನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಯಾವ ಮನೆತನ ಮಾತಿಗೆ ನಿಲ್ಲುವುದು, ಯಾರು ಎತ್ತು ಕೊಳ್ಳಲು ಸಾಲ ತೆಗೆದು ಮದುವೆಗೆ ಸುರಿಯುವರು ಎಂಬುದು ಸರಕಾರಿ ಕಚೇರಿಗೆ ಗೊತ್ತಾಗುವುದಿಲ್ಲ; ಗೌಡರಂಥವರಿಗೆ ಗೊತ್ತಿರುತ್ತದೆ. ಬರಿಯ ಬುದ್ಧಿವಾದದಿಂದ ಜನರು ಹೊಲವನ್ನು ಪಣಕ್ಕಿಡುವುದಿಲ್ಲ. ಹೇಳುವವನೂ ಅದೇ ಹೊಣೆಗೆ ಕೊರಳು ಕೊಡಬೇಕು.

ಅದೇ ಕಾಯಿದೆಯಲ್ಲಿ ಪಟ್ಟಣದವರಿಗೂ ಪತ್ತಿನ ಸಂಘ ಕಟ್ಟಲು ಅವಕಾಶವಿತ್ತು. 1912ರ ಕಾಯಿದೆ ಪತ್ತಿನಾಚೆಗಿನ ಸಂಘಗಳಿಗೂ ಬಾಗಿಲು ತೆರೆಯಿತು. ನಮ್ಮಲ್ಲಿ ಹಲವರ ಸಂಬಳದಲ್ಲಿ ತಿಂಗಳು ತಿಂಗಳೂ ಕಡಿತವಾಗುವ ನೌಕರರ ಸೊಸಾಯಿಟಿಯ ಕಂತು ಈ ಮನೆತನದ್ದೇ.