ಬೈಲಕುಪ್ಪೆಯ ಹೊಸ ನೆರೆಯವರು

ಮಕ್ಕಳೇ, ನೀವು ಸಂತೆಗೆ ಹೋಗಿದ್ದೀರಲ್ಲವೇ? ಕೊಳ್ಳುವವರು ಹೆಚ್ಚಾದರೆ ವ್ಯಾಪಾರವೂ ಹೆಚ್ಚುತ್ತದೆ. ಆದರೆ ಎಲ್ಲವನ್ನೂ ಕಳೆದುಕೊಂಡು ಬಂದವರಿಂದ ಊರಿನ ವ್ಯಾಪಾರಕ್ಕೆ ಏನಾಗುತ್ತದೆ? ಈ ಪಾಠ ಓದಿ ತಿಳಿಯಿರಿ.

ಜೀವಭಯದಿಂದ ತಮ್ಮ ನಾಡನ್ನು ಬಿಟ್ಟು ಬೇರೆ ದೇಶದಲ್ಲಿ ಆಶ್ರಯ ಬೇಡಿ ಬಂದವರನ್ನು ನಿರಾಶ್ರಿತರು ಎನ್ನುತ್ತಾರೆ. 1959ರಲ್ಲಿ ಟಿಬೆಟಿನ ಧರ್ಮಗುರು ದಲೈ ಲಾಮಾ ಭಾರತಕ್ಕೆ ಬಂದರು. ಸಾವಿರಾರು ಟಿಬೆಟನ್ನರೂ ಹಿಮಾಲಯವನ್ನು ದಾಟಿ ಬಂದರು. ಅವರಲ್ಲಿ ಕೆಲವರಿಗೆ ಅಂದಿನ ಮೈಸೂರು ರಾಜ್ಯ ಸರಕಾರವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿ ನೀಡಿತು. ಈ ಊರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ.

ಆ ಭೂಮಿ ಆಗ ಕಾಡಾಗಿತ್ತು. ಚಳಿನಾಡಿನ ಜನರಿಗೆ ಇಲ್ಲಿನ ಬಿಸಿಲು ಹೊಸದು. ಕಾಡಾನೆಗಳ ಕಾಟ ಬೇರೆ. ಆದರೂ ಅವರು ಕಾಡು ಕಡಿದು, ನೆಲ ಹಸನು ಮಾಡಿ, ಮುಸುಕಿನ ಜೋಳ ಬೆಳೆದರು.

ಅವರಿಗೆ ದಿನಸಿ, ಬಟ್ಟೆ, ಪಾತ್ರೆ ಬೇಕಲ್ಲವೇ? ಹತ್ತಿರದ ಪೇಟೆ ಕುಶಾಲನಗರ. ಅಲ್ಲಿನ ಅಂಗಡಿಗಳಿಗೆ ಹೊಸ ಗಿರಾಕಿಗಳು ಸಿಕ್ಕರು. ಟಿಬೆಟನ್ನರ ಹೊಲಗಳಲ್ಲಿ ಸುತ್ತಲಿನ ಹಳ್ಳಿಗರಿಗೆ ಕೂಲಿ ದೊರೆಯಿತು. 1999ರಲ್ಲಿ ಇಲ್ಲಿ ಚಿನ್ನದ ಬಣ್ಣದ ಬುದ್ಧನ ದೇವಾಲಯ ಸಿದ್ಧವಾಯಿತು. ಅದನ್ನು ನೋಡಲು ಬರುವವರಿಂದ ಆಟೋ ಓಡಿಸುವವರಿಗೂ ಹೋಟೆಲಿನವರಿಗೂ ಸಂಪಾದನೆಯಾಗುತ್ತಿದೆ.

ಚಳಿಗಾಲದಲ್ಲಿ ಪೇಟೆಯ ಬೀದಿಗಳಲ್ಲಿ ಟಿಬೆಟನ್ನರು ಸ್ವೆಟರ್ ಮಾರುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಬಹಳಷ್ಟು ಪಂಜಾಬಿನ ಲುಧಿಯಾನದಲ್ಲಿ ತಯಾರಾದವು. ಅಲ್ಲಿನ ಸಗಟು ವ್ಯಾಪಾರಿಗಳು ನಂಬಿಕೆಯ ಮೇಲೆ ಇವರಿಗೆ ಸರಕನ್ನು ಸಾಲವಾಗಿ ಕೊಡುತ್ತ ಬಂದಿದ್ದಾರೆ. ಮಾರಾಟ ಮುಗಿದ ಮೇಲೆ ಇವರು ಸಾಲ ತೀರಿಸುತ್ತಾರೆ. ಹೀಗೆ ದೂರದ ಊರಿನ ಹೆಣಿಗೆಯವರಿಗೂ ಕೆಲಸ ಸಿಗುತ್ತದೆ.

ಆದರೆ ಲಾಭ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಒಂದೂರಿಗೆ ಒಮ್ಮೆಗೇ ಬಹಳ ಜನ ಬಂದರೆ ಮನೆ ಬಾಡಿಗೆ ಏರಬಹುದು. ಕೆಲಸ ಕೇಳುವವರು ಹೆಚ್ಚಿ ಕೂಲಿ ಇಳಿಯಬಹುದು. ಒಂದೇ ಬಗೆಯ ಸರಕು ಮಾರುವ ಹಳೆಯ ಅಂಗಡಿಗೆ ಗಿರಾಕಿ ಕಡಿಮೆಯಾಗಬಹುದು. ಆದ್ದರಿಂದ ಬಂದವರಿಗೆ ಭೂಮಿ, ಕೆಲಸ, ಶಾಲೆ ಒದಗಿಸುವಾಗ ಊರಿನ ಬಡವರನ್ನೂ ಮರೆಯಬಾರದು.

ನಿರಾಶ್ರಿತರು ಬರಿಗೈಯಲ್ಲಿ ಬಂದರೂ ದುಡಿಯುವ ಕೈಗಳನ್ನು ತರುತ್ತಾರೆ. ಆ ಕೈಗಳಿಗೆ ಕೆಲಸ ಸಿಕ್ಕರೆ ಅವರೂ ಬಾಳುತ್ತಾರೆ, ಊರೂ ಬೆಳೆಯುತ್ತದೆ.

ಅಭ್ಯಾಸ

1. ನಿರಾಶ್ರಿತರು ಎಂದರೆ ಯಾರು?
2. ಟಿಬೆಟನ್ನರು ಬಂದುದರಿಂದ ಯಾರು ಯಾರಿಗೆ ಸಂಪಾದನೆಯಾಯಿತು?
3. ಹೊಸಬರು ಬಂದಾಗ ಊರಿನವರಿಗೆ ಯಾವ ತೊಂದರೆಗಳು ಆಗಬಹುದು?
4. ನಿಮ್ಮ ಊರಿನ ಅಂಗಡಿಯವರೊಬ್ಬರನ್ನು ಕಂಡು, ಅವರ ಸರಕು ಎಲ್ಲಿಂದ ಬರುತ್ತದೆ ಎಂದು ಕೇಳಿ ಬರೆಯಿರಿ.