ಕೊನೆಯವರೆಗೂ ನುಡಿಸಿದವರು

ಸಾಲಿಗ್ರಾಮದ ಸುತ್ತಿನ ಊರುಗಳಲ್ಲಿ ಇರುಳೆಲ್ಲ ಯಕ್ಷಗಾನ ಕಂಡವರು ಒಂದು ಸಂಗತಿಯನ್ನು ಬಲ್ಲರು. ವೇಷಗಳು ಬರುತ್ತವೆ, ಹೋಗುತ್ತವೆ. ಹಿಮ್ಮೇಳದ ನಾದ ಮಾತ್ರ ಮಂಗಳವಾಗುವ ತನಕ ನಿಲ್ಲುವುದಿಲ್ಲ. ಈ ಬಗೆಯ ವೃತ್ತಿನಿಷ್ಠೆಯನ್ನು ಸಾವಿನ ಎದುರಿನಲ್ಲಿಯೂ ಬಿಡದೆ ನಡೆಸಿದ ಎಂಟು ಮಂದಿ ವಾದಕರು ಅಟ್ಲಾಂಟಿಕ್ ಸಾಗರದಲ್ಲಿ ಪ್ರಾಣ ನೀಗಿದರು. ಅವರ ನಾಯಕನೇ ವಾಲೆಸ್ ಹಾರ್ಟ್ಲಿ.

ಹಾರ್ಟ್ಲಿ 1878ರಲ್ಲಿ ಇಂಗ್ಲೆಂಡಿನ ಕೋಲ್ನ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಅಲ್ಲಿನ ಪ್ರಾರ್ಥನಾಮಂದಿರದ ಗಾಯಕವೃಂದದ ಮುಖ್ಯಸ್ಥ. ಬಾಲ್ಯದಲ್ಲಿಯೇ ಪಿಟೀಲು ಕಲಿತ ಮಗನು ಕೆಲಕಾಲ ಬ್ಯಾಂಕಿನಲ್ಲಿ ದುಡಿದು, ಬಳಿಕ ಸಂಗೀತವನ್ನೇ ಜೀವನೋಪಾಯವಾಗಿ ಆರಿಸಿಕೊಂಡನು. ಲೂಸಿಟೇನಿಯ, ಮಾರಿಟೇನಿಯ ಎಂಬ ದೊಡ್ಡ ಹಡಗುಗಳಲ್ಲಿ ನುಡಿಸಿ ಹೆಸರು ಪಡೆದನು. 1912ರಲ್ಲಿ ಟೈಟಾನಿಕ್ ಹಡಗಿನ ವಾದ್ಯವೃಂದದ ನಾಯಕತ್ವ ಅವನಿಗೆ ದೊರೆಯಿತು. ಆಗ ಅವನ ಮದುವೆ ನಿಶ್ಚಯವಾಗಿತ್ತು. ವಧುವು ಕಾಣಿಕೆಯಾಗಿ ನೀಡಿದ್ದ ಪಿಟೀಲು ಅವನ ಸಂಗಡವಿತ್ತು.

ಏಪ್ರಿಲ್ 10ರಂದು ಸೌತಾಂಪ್ಟನ್ ಬಂದರಿನಿಂದ ಹೊರಟ ಹಡಗು 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಹಿಮಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರು ಎರಡು ಸಾವಿರಕ್ಕೂ ಮಿಕ್ಕ ಜನ; ಜೀವರಕ್ಷಕ ದೋಣಿಗಳಲ್ಲಿ ಇದ್ದ ಸ್ಥಳ 1,178 ಮಂದಿಗೆ ಮಾತ್ರ. ಜನರು ಕಂಗೆಟ್ಟು ನುಗ್ಗಿದರೆ ಉಳಿಯಬಹುದಾದವರೂ ಉಳಿಯಲಾರರು. ಆಗ ಹಾರ್ಟ್ಲಿ ತನ್ನ ಸಂಗಡಿಗರನ್ನು ಕೂಡಿಸಿಕೊಂಡು ಉಲ್ಲಾಸದ ಗತಿಗಳನ್ನು ನುಡಿಸತೊಡಗಿದನು. ಮುಂದೆ ಅವರು ಮೇಲಟ್ಟಕ್ಕೆ ಬಂದು, ದೋಣಿಗಳು ಇಳಿಯುತ್ತಿದ್ದ ಕಡೆಯಲ್ಲಿಯೇ ನಿಂತು ನುಡಿಸಿದರು. ಕೊನೆಯ ರಾಗ ಯಾವುದೆಂಬುದರ ಬಗ್ಗೆ ಬದುಕುಳಿದವರ ಹೇಳಿಕೆಗಳು ಬೇರೆ ಬೇರೆಯಾಗಿವೆ. 2 ಗಂಟೆ 20 ನಿಮಿಷಕ್ಕೆ ಹಡಗು ಮುಳುಗಿತು. ಸುಮಾರು 1,500 ಜನ ಮಡಿದರು. ಎಂಟು ವಾದಕರಲ್ಲಿ ಒಬ್ಬನೂ ಉಳಿಯಲಿಲ್ಲ. ಹಾರ್ಟ್ಲಿಗೆ ಆಗ 33 ವರ್ಷ.

ಲೋಕದ ವ್ಯವಹಾರವು ಈ ತ್ಯಾಗವನ್ನು ಹೇಗೆ ಎಣಿಸಿತು? ವಾದಕರನ್ನು ನೇಮಿಸಿದವರು ಮಧ್ಯವರ್ತಿಗಳು. ಆದುದರಿಂದ ಹಡಗಿನ ಕಂಪೆನಿಯು ಅವರನ್ನು ತನ್ನ ನೌಕರರೆಂದು ಒಪ್ಪಲಿಲ್ಲ. ಮೃತನಾದ ಒಬ್ಬ ತರುಣ ವಾದಕನ ತಂದೆಗೆ ಮಗನ ಸಮವಸ್ತ್ರದ ಬಾಕಿಯನ್ನು ಸಲ್ಲಿಸುವಂತೆ ಪತ್ರ ಬಂದಿತು! ಜನಸಾಮಾನ್ಯರ ಎಣಿಕೆಯೇ ಬೇರೆಯಾಗಿತ್ತು. ಸಮುದ್ರದಲ್ಲಿ ದೊರೆತ ಹಾರ್ಟ್ಲಿಯ ದೇಹವನ್ನು ಮೇ 18ರಂದು ಕೋಲ್ನ್‌ನಲ್ಲಿ ಮಣ್ಣುಮಾಡಿದಾಗ ಸಾವಿರಾರು ಜನ ಬೀದಿಗಳಲ್ಲಿ ಮೌನವಾಗಿ ನಿಂತಿದ್ದರು. ಅವನದೆಂದು ಪರೀಕ್ಷಕರು ಗುರುತಿಸಿದ ಪಿಟೀಲು 2013ರಲ್ಲಿ ಒಂಬತ್ತು ಲಕ್ಷ ಪೌಂಡುಗಳಿಗೆ ಹರಾಜಾಯಿತು.

ಸಂಗೀತವು ಒಡೆದ ಹಡಗನ್ನು ತೇಲಿಸಲಾರದು. ಹೆದರಿದ ಮನಸ್ಸಿಗೆ ಅದು ಕ್ಷಣಕಾಲ ಆಸರೆಯಾಗಬಲ್ಲದು. ತಮ್ಮ ಕೈಲಾದ ಆ ಒಂದು ಕೆಲಸವನ್ನು ಆ ವಾದಕರು ಕಡೆಯ ಗಳಿಗೆಯವರೆಗೂ ಕೈಬಿಡಲಿಲ್ಲ.